ಹೋಗಿ ಬಂದ ಬಣ್ಣ

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದೆ, ಬೇಕರಿಯ ಮಹಡಿಯಲ್ಲಿ
ನನ್ನ ಅಂಗಡಿ. ಎರಡು ಕಂಪ್ಯೂಟರ್, ಉಸಿರು ಕಟ್ಟಿದ ಯುಪಿಎಸ್.
ಮೆಟ್ಟಿಲ ಕಡೆಯಿಂದ ದಿಲ್‌ಪಸಂದ್ ಪರಿಮಳ,
ಕಿಟಕಿ ತೆಗೆದರೆ ಬೆಂದ ಹುಳದ ವಾಸನೆ.
ಎರಡರ ನಡುವೆ ಕೂತು
ಊರಿನವರಿಗೆ ಪುಟ ಕಟ್ಟಿಕೊಡುತ್ತೇನೆ.

ಇಮ್ತಿಯಾಜ್ ಬಂದ. ಹದಿನಾಲ್ಕು ಬೇಸಿನ್ನಿನ ರೀಲರ್.
‘ಧರ್ಮಾವರದೋರು ನೋಡ್ಬೇಕು ಮೇಡಂ, ನೀಟಾಗಿರ್ಲಿ.
ಪದದ ಕೆಳಗೆಲ್ಲಾ ಈ ಗೆರೆ ಯಾಕೆ?
ಮೇಷ್ಟ್ರು ತಪ್ಪು ಹುಡುಕಿದಂಗೈತೆ.’

ಲಿಂಕಿನ ಸೆಟ್ಟಿಂಗ್ ತೆರೆದೆ.
ಅಡಿಗೆರೆ: ಬೇಡ.
ಬಣ್ಣ: ನೀಲಿ ಹೋಗಿ ಗೂಡಿನ ಹಳದಿ, ಅವನ ಆಸೆ.
ಮೌಸ್ ಇಟ್ಟಾಗ: ಒಂದು ಚೂರು ಗಾಢ.
ಹೋಗಿ ಬಂದದ್ದಕ್ಕೆ:

ಪ್ರತಿಸಲ ಇಲ್ಲಿ ನನ್ನ ಕೈ ನಿಲ್ಲುತ್ತದೆ.
ಎದುರುಮನೆಯವರ ಹಾಗೆ ಕೇಳುತ್ತದೆ ಸಾಫ್ಟ್‌ವೇರ್,
ಒಂದು ಸಲ ಹೋಗಿ ಬಂದ ಮೇಲೆ ಯಾವ ಬಣ್ಣ?
ಗೌರಿಬಿದನೂರಿಗೆ ಮದುವೆಯಾಗಿ ಹೋಗಿ
ಹನ್ನೊಂದು ತಿಂಗಳಿಗೆ ವಾಪಸು ಬಂದವಳು ನಾನು.
ಆ ಬಣ್ಣ ನಮ್ಮ ಬೀದಿಗೆ ಬಾಯಿಪಾಠ.
‘ಎಲ್ಲಕ್ಕೂ ಒಂದೇ’ ಎಂದು ಒತ್ತಿ ಸೇವ್ ಮಾಡಿದೆ.

ಮೂರನೇ ದಿನ ಮೆಟ್ಟಿಲು ಹತ್ತಿ ಬಂದರು ಹಸೀನಾಬಿ, ಅವನ ಸೋದರತ್ತೆ,
ಕೈಯಲ್ಲಿ ಗಾಜು ಒಡೆದ ಫೋನು.
ನಲವತ್ತು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿದ ಬೆರಳು,
ಹಿದುಕಿದ ಅವರೆಯ ಹಾಗೆ ಬೆಳ್ಳಗೆ, ನುಣ್ಣಗೆ,
ರೇಷನ್ ಅಂಗಡಿಯ ಯಂತ್ರವೂ ಗುರುತಿಸದು.
‘ಇವತ್ತಿನ ದರ’ ಮುಟ್ಟಿದರೆ
ತೆರೆದದ್ದು ‘ನಮ್ಮ ವಿಳಾಸ’.
ಮತ್ತೆ ಮುಟ್ಟಿದರು. ಮತ್ತೆ ವಿಳಾಸ.
ಪುಟ ಬಲಕ್ಕೆ ಜಾರಿ
ಅರ್ಧ ದರ ಫೋನಿನ ಆಚೆ ಉಳಿಯಿತು.

‘ಎಲ್ಲಿ ಒತ್ತಬೇಕು ಅಂತ ಹೆಂಗಮ್ಮ ಗೊತ್ತಾಗೋದು?
ಗೂಡಲ್ಲಾದ್ರೆ ಎಳೆ ತುದಿ ಕೈಗೆ ಸಿಗ್ತದೆ.
ಇದ್ರಲ್ಲಿ ತುದಿ ಎಲ್ಲೈತೆ?’
ಸ್ವಲ್ಪ ತಡೆದು,
‘ಯಾವುದು ನೋಡಿದೆ ಯಾವುದು ಬಿಟ್ಟೆ, ಅದೂ ತಿಳಿಯಲ್ಲ.
ಹೋಗಿ ಬಂದಿದ್ದಕ್ಕೆ ಒಂದು ಗುರುತಿದ್ರೆ
ತಿರುಗಾ ಅಲ್ಲಿಗೇ ಹೋಗಿ ಸಾಯೋದು ತಪ್ಪುತ್ತೆ.’

ನಾನು ಪರದೆಯ ಕಡೆ ತಿರುಗಿದೆ.

ಪುಟದ ಅಗಲ: ಫೋನಿಗೆ ಹೊಂದಲಿ.
ಅಕ್ಷರ: ಎರಡು ಅಂಕ ದೊಡ್ಡದು.
ಲಿಂಕಿನ ಸುತ್ತ ಜಾಗ: ಎಲ್ಲ ದಿಕ್ಕಿಗೂ ಹದಿನೈದು,
ಬೆರಳು ಒಂಚೂರು ತಪ್ಪಿದರೂ ತಪ್ಪಾಗದಷ್ಟು.
ಗೆರೆ ವಾಪಸು ಹಾಕಿದೆ.
ಹಾಕಿದ್ದೇ ತಡ
‘ಶಿಡ್ಲಘಟ್ಟಕ್ಕೆ ದಾರಿ’ ಎಂಬಲ್ಲಿ
ಡಕಾರಕ್ಕೆ ನೇತ ಲಕಾರ, ಟಕಾರದ ಒತ್ತು, ಕಕಾರದ ಒತ್ತು,
ಮೂರರ ಕತ್ತನ್ನೂ ಗೆರೆ ಕೊಯ್ದುಬಿಟ್ಟಿತು.
ಈ ಸಾಫ್ಟ್‌ವೇರ್ ಮಾಡಿದವರ ಅಕ್ಷರಕ್ಕೆ
ಕೆಳಮನೆ ಇದೆಯೆಂದು ಗೊತ್ತೇ ಇಲ್ಲ.
ಗೆರೆಯನ್ನು ಐದು ಅಂಕ ಕೆಳಗಿಳಿಸಿದೆ, ಸಾಲಿನ ಅಂತರ ಹಿಗ್ಗಿಸಿದೆ,
ಒತ್ತುಗಳು ಕಾಲು ಚಾಚಿ ಕೂತವು.

‘ನೋಡಿ ಬಂದದ್ದು ಯಾವ ಬಣ್ಣ ಇರಲಿ?’
ಹಸೀನಾಬಿ ಯೋಚಿಸಲೇ ಇಲ್ಲ.
‘ಹಿಪ್ಪುನೇರಳೆ ಹಣ್ಣಿನ್ದು.
ತೋಟದಲ್ಲಿ ಯಾರು ತಿಂದ್ರು ಅಂತ ಕೇಳೋ ಹಂಗೇ ಇರ್ಲಿಲ್ಲ,
ನಾಲಿಗೆ ಚಾಚು ಅಂದ್ರೆ ಸಾಕಾಗಿತ್ತು.’
ಅಂದು ನಕ್ಕರು, ತಾನೇ ತಿಂದವಳ ಹಾಗೆ.

ಬಣ್ಣದ ಚಕ್ರದಲ್ಲಿ ಹುಡುಕಿದೆ, ಕೆಂಪಾಯಿತು, ನೀಲಿಯಾಯಿತು,
ಕೊನೆಗೆ ಸಿಕ್ಕಿತು, ಮೊದಲಿನಿಂದ ಅಲ್ಲೇ ಇದ್ದ ನೇರಳೆ,
ಸಾಫ್ಟ್‌ವೇರಿನವರೇ ಇಟ್ಟು ಕಳಿಸಿದ್ದು,
ನಾನು ಪ್ರತಿಸಲ ಮೊದಲು ಅಳಿಸುತ್ತಿದ್ದದ್ದು.

ಅವರು ದರ ಮುಟ್ಟಿದರು. ದರ ತೆರೆಯಿತು.
ಹಿಂದೆ ಬಂದರೆ ಆ ಎರಡು ಪದ ಮಾತ್ರ
ಹಣ್ಣು ತಿಂದ ನಾಲಿಗೆಯಂತೆ.

ಸಂಜೆ ಇಮ್ತಿಯಾಜ್ ಫೋನು ಮಾಡಿದ.
‘ಗೆರೆ ಮತ್ತೆ ಬಂದೈತಲ್ಲ ಮೇಡಂ,
ಐನೂರು ಕಮ್ಮಿ ಮಾಡ್ಕೊಳ್ಳಿ.’
‘ಅತ್ತೇನ ಕೇಳಿ’ ಅಂದೆ.
ಅಷ್ಟರಲ್ಲಿ ಕರೆಂಟು ಹೋಯಿತು.